ಬೆಳ್ಳುಳ್ಳಿಯ ಬ್ರೆಡ್ಡೂ ನಮ್ಮ ಅತ್ತೆಯವರೂ

ಬ್ರೆಡ್ಡು ಎಂಬ ಪದಾರ್ಥವು ನಮ್ಮಂತಹ ಮನೆಗಳನ್ನು ಪ್ರವೇಶಿಸಿದ್ದು ಜ್ವರದ ಬೆನ್ನು ಹಿಡಿದು. ಮೈ ಬೆಚ್ಚಗಾದ ಮಗುವಿಗೆ ಹಾಲಿನಲ್ಲಿ ನೆನೆಸಿದ ಎರಡು ಚೂರು ಕೊಡುತ್ತಿದ್ದರೇ ವಿನಾ, ಆರೋಗ್ಯವಾಗಿರುವವರು ಅದನ್ನು ಬಯಸಿ ತಿನ್ನುವುದುಂಟೆಂದು ಹಿರಿಯರು ನಂಬಿರಲಿಲ್ಲ. ಹಾಸನದ ಕಡೆಯ ಅಯ್ಯಂಗಾರರು ಬೆಂಗಳೂರಿನಲ್ಲಿ ಬೇಕರಿಗಳನ್ನು ತೆರೆದು, ಮೊಟ್ಟೆಯ ಸೋಂಕಿಲ್ಲದ ಬ್ರೆಡ್ಡನ್ನೂ ಖಾರಾ ಬನ್ನನ್ನೂ ಮಾಡಿ ಉಣಿಸಿದ ಮೇಲೆ ಈ ಸಂಕೋಚವು ಅರ್ಧ ಕರಗಿತು. ಉಳಿದರ್ಧವು ನಮ್ಮ ಅತ್ತೆಯವರಲ್ಲಿ ಭದ್ರವಾಗಿತ್ತು.

ಅತ್ತೆಯವರಿಗೆ ಈಗ ಎಂಬತ್ತು ದಾಟಿದೆ. ಮಾವನವರು ತೀರಿಕೊಂಡ ಮೇಲೆ ಅವರು ಸಂಜೆ ಏಳಕ್ಕೆಲ್ಲಾ ಒಂದಿಷ್ಟು ಅವಲಕ್ಕಿ ಮೊಸರನ್ನು ತಮ್ಮ ಕೋಣೆಯಲ್ಲಿಯೇ ಮುಗಿಸಿ, ನಾವು ಊಟಕ್ಕೆ ಕೂರುವ ಹೊತ್ತಿಗೆ ದೀಪ ಆರಿಸಿಬಿಡುತ್ತಿದ್ದರು. ಈರುಳ್ಳಿ ಬೆಳ್ಳುಳ್ಳಿಗಳನ್ನು ಅವರು ಎಂದೂ ಮುಟ್ಟಿದವರಲ್ಲ. ನಮ್ಮದನ್ನು ಅವರು ಆಕ್ಷೇಪಿಸಲಿಲ್ಲ; ಅವರದನ್ನು ನಾವು ಬದಲಾಯಿಸಲು ಹೋಗಲಿಲ್ಲ. ಹೀಗೆ ಒಂದೇ ಮನೆಯಲ್ಲಿ ಎರಡು ಪಂಕ್ತಿಗಳಾಗಿ ಮೂರು ವರ್ಷಗಳು ಕಳೆದಿದ್ದವು.

ಹಾಸ್ಟೆಲಿನಿಂದ ರಜೆಗೆ ಬಂದ ಮಗಳು ಬೆಳ್ಳುಳ್ಳಿ, ಚೀಸು ತುಂಬಿದ ಒಂದು ಬ್ರೆಡ್ಡಿನ ವರ್ಣನೆಗೆ ತೊಡಗಿದಳು. ಅದನ್ನು ಚಾಕುವಿನಿಂದ ಕೊಯ್ಯುವುದಿಲ್ಲವಂತೆ. ನಡುವೆ ಇಟ್ಟುಕೊಂಡು ಸುತ್ತ ಕುಳಿತವರೆಲ್ಲರೂ ಕೈಯಿಂದಲೇ ಒಂದೊಂದು ಪದರವನ್ನು ಕಿತ್ತುಕೊಳ್ಳುವುದಂತೆ. ಹಂಗೇರಿ ದೇಶದಲ್ಲಿ ಹಿಟ್ಟಿನ ಉಂಡೆಗಳನ್ನು ಬೆಣ್ಣೆ, ಸಕ್ಕರೆ, ಅಕ್ರೋಟುಗಳಲ್ಲಿ ಹೊರಳಿಸಿ ಒಂದೇ ಅಚ್ಚಿನಲ್ಲಿ ಬೇಯಿಸುವ ಸಿಹಿತಿಂಡಿಯೊಂದುಂಟು. ಅಲ್ಲಿಂದ ವಲಸೆ ಹೋದವರೊಡನೆ ಅದು ಅಮೆರಿಕಕ್ಕೆ ತಲುಪಿತು. ಬೆಳ್ಳುಳ್ಳಿಯ ಬ್ರೆಡ್ಡು ಅದೇ ಕುಲದ ಖಾರದ ಕವಲು. ‘ಹೋಟೆಲಿನಲ್ಲಿ ಕೊಡುವಷ್ಟು ದುಡ್ಡಿಗೆ ಮನೆಯಲ್ಲಿ ನಾಲ್ಕು ಮಾಡಬಹುದು’ ಎಂದು ನಾನು ಬಾಯಿತಪ್ಪಿ ನುಡಿದೆ. ಮಕ್ಕಳು ಇಂತಹ ಮಾತನ್ನು ಮರೆಯುವುದಿಲ್ಲ.

ಮೊದಲ ಪ್ರಯತ್ನದ ಕಥೆಯನ್ನು ಮುಚ್ಚಿಡುವುದಿಲ್ಲ. ಪಾಕವಿಧಾನದಲ್ಲಿ ‘ಬೆಚ್ಚಗಿನ ಹಾಲು’ ಎಂದಿತ್ತು. ನಾನು ಆವಿಯಾಡುವ ಹಾಲನ್ನೇ ಯೀಸ್ಟಿನ ಮೇಲೆ ಸುರಿದೆ. ‘ಒಂದು ಗಂಟೆ ಬಿಡಿ’ ಎಂದಿತ್ತು. ಡಿಸೆಂಬರಿನ ಚಳಿಯಲ್ಲಿ ಗಡಿಯಾರ ನೋಡಿಕೊಂಡು ಸರಿಯಾಗಿ ಒಂದು ಗಂಟೆ ಬಿಟ್ಟೆ. ಹಿಟ್ಟು ಇಟ್ಟಲ್ಲಿಯೇ ಇಟ್ಟ ಹಾಗೆ ಕುಳಿತಿತ್ತು. ಆದರೂ ಪುಸ್ತಕದ ಮಾತು ಮೀರಬಾರದೆಂದು ಓವನ್ನಿಗೆ ಸೇರಿಸಿದೆ. ಹೊರಬಂದದ್ದನ್ನು ಮೇಜಿನ ಮೇಲಿಟ್ಟಾಗ ಆದ ಸದ್ದು ಅತ್ತೆಯವರನ್ನು ಕೋಣೆಯಿಂದ ಎಬ್ಬಿಸಿತು.

“ಏನಮ್ಮ ಅದು?”

“ಬ್ರೆಡ್ಡು, ಅತ್ತೆ. ಉಬ್ಬಲಿಲ್ಲ.”

ಅವರು ದೂರದಿಂದಲೇ ನೋಡಿದರು. “ಹಿಟ್ಟು ಎದ್ದಿತ್ತೇ?”

“ಒಂದು ಗಂಟೆ ಬಿಟ್ಟಿದ್ದೆ.”

“ಗಂಟೆ ಕೇಳಲಿಲ್ಲ ನಾನು. ಇಡ್ಲಿ ಹಿಟ್ಟು ಹುದುಗು ಬಾರದೆ ಇದ್ದರೆ ಗಂಟೆ ಆಯಿತೂಂತ ಒಲೆಯ ಮೇಲೆ ಇಡ್ತೀಯೇನು?”

ಇಪ್ಪತ್ತೆರಡು ವರ್ಷಗಳಿಂದ ನಾನು ಚಳಿಗಾಲದಲ್ಲಿ ಇಡ್ಲಿ ಹಿಟ್ಟನ್ನು ಒಲೆಯ ಮಗ್ಗುಲಿಗೆ ಸರಿಸಿದವಳು, ಬೇಸಿಗೆಯಲ್ಲಿ ಉಕ್ಕುವ ಮುನ್ನ ಎತ್ತಿಟ್ಟವಳು. ಆ ವಿದ್ಯೆಯು ಮೈದಾ ಹಿಟ್ಟಿಗೂ ಸಲ್ಲುವುದೆಂದು ಏಕೆ ಹೊಳೆಯಲಿಲ್ಲವೋ! ಹೊರದೇಶದ ಹೆಸರು ಕೇಳಿದೊಡನೆ ಕೈಯಲ್ಲಿರುವ ಬುದ್ಧಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದಂತಾಗಿತ್ತು.

ಯೀಸ್ಟು ಜೀವವುಳ್ಳ ಪದಾರ್ಥ. ಬರಿಗಣ್ಣಿಗೆ ಕಾಣದ ಒಂದು ಬಗೆಯ ಶಿಲೀಂಧ್ರ. ಸಕ್ಕರೆಯನ್ನು ತಿಂದು ಅದು ಬಿಡುವ ಅನಿಲವೇ ಹಿಟ್ಟನ್ನು ಎತ್ತುವುದು. 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಅದಕ್ಕೆ ಹಿತ. 60 ಡಿಗ್ರಿ ತಲುಪುವ ಹೊತ್ತಿಗೆ ಅದು ಸತ್ತೇ ಹೋಗುವುದು. ಇದಕ್ಕೆ ಉಷ್ಣಮಾಪಕ ಬೇಡ. ‘ಉಗುರುಬೆಚ್ಚಗೆ’ ಎಂಬ ನಮ್ಮ ಮಾತೇ ಸಾಕು.

ಎರಡನೆಯ ಸಲದ ಲೆಕ್ಕ ಹೀಗಿತ್ತು. 300 ಗ್ರಾಂ ಮೈದಾ, ಒಂದೂವರೆ ಟೀ ಚಮಚ ಒಣ ಯೀಸ್ಟು, ಒಂದು ದೊಡ್ಡ ಚಮಚ ಸಕ್ಕರೆ, ಒಂದು ಟೀ ಚಮಚಕ್ಕೆ ಸ್ವಲ್ಪ ಕಡಿಮೆ ಉಪ್ಪು, 25 ಗ್ರಾಂ ಬೆಣ್ಣೆ, ಸುಮಾರು 190 ಮಿಲಿಲೀಟರ್ ಹಾಲು. ಉಗುರುಬೆಚ್ಚಗಿನ ಹಾಲಿಗೆ ಸಕ್ಕರೆ, ಯೀಸ್ಟುಗಳನ್ನು ಹಾಕಿ ಹತ್ತು ನಿಮಿಷ ಬಿಡಬೇಕು. ನೊರೆ ಎದ್ದರೆ ಯೀಸ್ಟಿಗೆ ಜೀವವಿದೆ. ಏಳದಿದ್ದರೆ ಹಾಲು ಮಾತ್ರ ನಷ್ಟ, ಹಿಟ್ಟು ಉಳಿಯಿತು. ಆಮೇಲೆ ಹಿಟ್ಟು, ಉಪ್ಪು ಸೇರಿಸಿ ಕಲಸಿ, ಬೆಣ್ಣೆ ಹಾಕಿ ಹತ್ತು ಹನ್ನೆರಡು ನಿಮಿಷ ಚೆನ್ನಾಗಿ ನಾದತಕ್ಕದ್ದು. ಮೊದಮೊದಲು ಕೈಗೆ ಮೆತ್ತುವುದೆಂದು ಹೆದರಿ ಒಣಹಿಟ್ಟು ಸುರಿಯಬಾರದು. ಹೋಳಿಗೆಯ ಕಣಕವನ್ನು ನಾದಿದವರಿಗೆ ಇದರ ಮರ್ಮ ಗೊತ್ತು: ಒಂದು ಚೂರನ್ನು ಎರಡು ಕೈಗಳಿಂದ ಎಳೆದರೆ ಹರಿಯದೆ, ಆಚೆಯ ಬೆಳಕು ಕಾಣುವಷ್ಟು ತೆಳ್ಳಗಾಗಬೇಕು. ಮೈದಾದೊಳಗಿನ ಅಂಟಿನ ಎಳೆಗಳು ಆಗ ಬಲೆಯಂತೆ ಹೆಣೆದುಕೊಂಡು ಅನಿಲವನ್ನು ಹಿಡಿದಿಡುತ್ತವೆ.

ಇನ್ನು ಹುದುಗು. ಅತ್ತೆಯವರು ಪಾತ್ರೆಯನ್ನು ನನ್ನ ಕೈಯಿಂದ ತೆಗೆದುಕೊಂಡು, ಒದ್ದೆ ಬಟ್ಟೆ ಮುಚ್ಚಿ, ಆಗತಾನೆ ಅನ್ನ ಇಳಿಸಿದ ಒಲೆಯ ಪಕ್ಕದಲ್ಲಿಟ್ಟು, ತಾವೂ ಒಂದು ಮಣೆ ಹಾಕಿಕೊಂಡು ಅಲ್ಲಿಯೇ ಕುಳಿತರು. ಅವರು ಅಡಿಗೆಮನೆಯಲ್ಲಿ ಅಷ್ಟು ಹೊತ್ತು ಕುಳಿತು ಎಷ್ಟೋ ತಿಂಗಳಾಗಿದ್ದವು. ಹಿಟ್ಟು ಎರಡರಷ್ಟಾಗಲು ಎರಡು ಗಂಟೆ ಹಿಡಿಯಿತು. ಏಪ್ರಿಲ್ ತಿಂಗಳಾಗಿದ್ದರೆ ಮುಕ್ಕಾಲು ಗಂಟೆ ಸಾಕಾಗುತ್ತಿತ್ತು. ಹಿಟ್ಟು ಸವರಿದ ಬೆರಳಿನಿಂದ ಒತ್ತಿದಾಗ ಗುಳಿಯು ತಟ್ಟನೆ ಮುಚ್ಚಿಕೊಂಡರೆ ಇನ್ನೂ ಕಾಯಬೇಕು. ನಿಧಾನವಾಗಿ, ಅರ್ಧದಷ್ಟು ಮಾತ್ರ ಮೇಲೆದ್ದರೆ ಸಿದ್ಧವಾಯಿತೆಂದು ಅರ್ಥ.

ಕಾಯುತ್ತಿರುವಾಗ ಅತ್ತೆಯವರು ಚೀಸಿನ ಪೊಟ್ಟಣವನ್ನು ತಿರುಗಿಸಿ ನೋಡಿ, “ಇದನ್ನ ಯಾತರಲ್ಲಿ ಹೆಪ್ಪು ಹಾಕ್ತಾರೆ?” ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಸರಿ. ಯೂರೋಪಿನ ಸಾಂಪ್ರದಾಯಿಕ ಚೀಸುಗಳಲ್ಲಿ ಹಲವಕ್ಕೆ ಎಳೆಗರುವಿನ ಜಠರದಿಂದ ತೆಗೆದ ರೆನೆಟ್ ಎಂಬುದನ್ನು ಬಳಸಿ ಹಾಲು ಒಡೆಸುವರು. ಇಟಲಿಯ ಪಾರ್ಮಿಜಾನೊ ರೆಜಾನೊ ಚೀಸಿಗೆ ಅದೇ ಆಗಬೇಕೆಂಬ ಕಟ್ಟಳೆಯೇ ಉಂಟು. ಸೂಕ್ಷ್ಮಜೀವಿಗಳಿಂದ ಪಡೆದ ಬೇರೊಂದು ಬಗೆಯ ರೆನೆಟ್ ಕೂಡ ಇದೆ. ನಮ್ಮ ದೇಶದಲ್ಲಿ ಹಸಿರು ಚುಕ್ಕೆ ಹೊತ್ತು ಬರುವ ಚೀಸುಗಳಿಗೆ ಕರುವಿನದು ಸಲ್ಲದು. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯನ್ನೂ ಸಣ್ಣಕ್ಷರಗಳನ್ನೂ ಅವರಿಗೆ ಓದಿ ಹೇಳಿದೆ. ವ್ರತನಿಷ್ಠೆಯುಳ್ಳವರಿಗೆ ತಿಳಿಸದೆ ತಿನ್ನಿಸುವುದು ಆತಿಥ್ಯವಲ್ಲ, ಮೋಸ.

ಚೀಸಿನ ವಿಷಯದಲ್ಲಿ ಇನ್ನೊಂದು ಮಾತು. ಎಳೆಯೆಳೆಯಾಗಿ ಬರಬೇಕಾದರೆ ಮೊಜರೆಲ್ಲಾವೇ ಆಗಬೇಕು. ಹಾಲಿನ ಗಟ್ಟಿಯನ್ನು ಬಿಸಿನೀರಿನಲ್ಲಿ ಎಳೆದೆಳೆದು ಮಾಡುವುದರಿಂದ ಅದಕ್ಕೆ ಆ ಗುಣ. ಆದರೆ ಅದರ ರುಚಿ ಸಪ್ಪೆ. ಬಿಲ್ಲೆಗಳಾಗಿ ಬರುವ ಸಂಸ್ಕರಿಸಿದ ಚೀಸು ಉಪ್ಪುಪ್ಪಾಗಿ ರುಚಿಸುತ್ತದೆ, ಕರಗುತ್ತದೆ, ಎಳೆ ಬಿಡುವುದಿಲ್ಲ. 120 ಗ್ರಾಂ ಮೊಜರೆಲ್ಲಾಕ್ಕೆ 40 ಗ್ರಾಂ ಎರಡನೆಯದನ್ನು ತುರಿದು ಬೆರೆಸಿದರೆ ಜಗಳವಿಲ್ಲ.

ಬೆಳ್ಳುಳ್ಳಿ ಎಂಟು ಹತ್ತು ಎಸಳು. ಇಡಿಯ ಎಸಳಿಗೆ ಹೆಚ್ಚು ವಾಸನೆಯಿಲ್ಲ. ಜಜ್ಜಿದಾಗ ಒಳಗಿನ ಎರಡು ಪದಾರ್ಥಗಳು ಸಂಧಿಸಿ ಆ ಘಾಟು ಹುಟ್ಟುವುದು. ಜಜ್ಜಿದ್ದನ್ನು 60 ಗ್ರಾಂ ಮೆತ್ತನೆಯ ಬೆಣ್ಣೆ, ಹೆಚ್ಚಿದ ಕೊತ್ತಂಬರಿ ಸೊಪ್ಪು, ತರಿಯಾದ ಮೆಣಸಿನಕಾಯಿ ಪುಡಿಯೊಡನೆ ಕಲಸಬೇಕು. ಹಸಿ ಬೆಳ್ಳುಳ್ಳಿಯನ್ನು ಹಿಟ್ಟಿಗೇ ಸೇರಿಸಿ ನಾದಿದರೆ ಯೀಸ್ಟು ಕುಗ್ಗುವುದು, ಅಂಟಿನ ಬಲೆಯೂ ಸಡಿಲವಾಗುವುದು. ಮಿಕ್ಕ ಬೆಳ್ಳುಳ್ಳಿ ಬೆಣ್ಣೆಯನ್ನು ಹೊರಗಿಡಬೇಡಿ. ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿಯಲ್ಲಿ ಗಾಳಿಯಿಲ್ಲದೆ ಬೆಳೆಯುವ ವಿಷಕ್ರಿಮಿಯೊಂದು ಸೇರಿ, 1985ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಹಲವರು ಹಾಸಿಗೆ ಹಿಡಿದಿದ್ದರು. ಶೀತಪೆಟ್ಟಿಗೆಯಲ್ಲಿ ಎರಡು ಮೂರು ದಿನ, ಅಷ್ಟೆ.

ಹಿಟ್ಟಿನಲ್ಲಿ ಕಾಲುಭಾಗವನ್ನು ಮೊದಲೇ ಬೇರೆ ತೆಗೆದಿಟ್ಟೆ. ಅದಕ್ಕೆ ಬೇರೆ ಮಣೆ, ಬೇರೆ ಲಟ್ಟಣಿಗೆ, ಬೇರೆ ಸಣ್ಣ ಅಚ್ಚು. ಒಂದೇ ಅಚ್ಚಿನ ಒಂದು ತುದಿಯನ್ನು ಬೆಳ್ಳುಳ್ಳಿಯಿಲ್ಲದೆ ಬಿಡಬಹುದಲ್ಲ ಎಂದಳು ಮಗಳು. ಕರಗಿದ ಬೆಣ್ಣೆ ಗಡಿಯನ್ನು ಗೌರವಿಸುವುದಿಲ್ಲ. ಅತ್ತೆಯವರ ಪಾಲಿಗೆ ಬೆಣ್ಣೆಯಲ್ಲಿ ಹಸಿಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ, ಕರಿಬೇವು. ಈರುಳ್ಳಿ ಬಿಟ್ಟ ಖಾರಾ ಬನ್ನಿನ ಹೂರಣವೆನ್ನಬಹುದು.

ಹಿಟ್ಟನ್ನು ಒಂದಡಿ ಅಗಲದ ಚೌಕವಾಗಿ ಲಟ್ಟಿಸಿ, ಬೆಣ್ಣೆ ಸವರಿ, ಚೀಸು ಉದುರಿಸಿ, ಉದ್ದುದ್ದ ಪಟ್ಟಿಗಳಾಗಿ ಕೊಯ್ದು, ಒಂದರ ಮೇಲೊಂದು ಪೇರಿಸಿ ಮತ್ತೆ ಚೌಕಗಳಾಗಿ ಕತ್ತರಿಸಬೇಕು. ಆ ಚೌಕಗಳನ್ನು ಜಿಡ್ಡು ಸವರಿದ ಉದ್ದನೆಯ ಅಚ್ಚಿನಲ್ಲಿ ವೀಳ್ಯದೆಲೆಯ ಕಟ್ಟಿನಂತೆ ಅಂಚು ಮೇಲಾಗಿ ನಿಲ್ಲಿಸಬೇಕು. ಬಿಗಿಯಾಗಿ ತುರುಕಬಾರದು, ಉಬ್ಬಲು ಎಡೆ ಬೇಕು. ಮತ್ತೆ ಮುಕ್ಕಾಲು ಗಂಟೆ ಬಿಟ್ಟು, 180 ಡಿಗ್ರಿಗೆ ಮೊದಲೇ ಕಾಯಿಸಿದ ಓವನ್ನಿನಲ್ಲಿ 30 ನಿಮಿಷ. ಸಣ್ಣ ಅಚ್ಚಿಗೆ 20 ಸಾಕು. ಮೇಲೆ ಕೆಂಪಾದ ಮಾತ್ರಕ್ಕೆ ನಂಬಬೇಡಿ. ಚೀಸಿನ ತೇವದಿಂದ ನಡುಭಾಗ ತಡವಾಗಿ ಬೇಯುವುದು. ನಡುವಿನ ಎರಡು ಪದರಗಳನ್ನು ಚಾಕುವಿನಿಂದ ಸ್ವಲ್ಪ ಬಿಡಿಸಿ ನೋಡಿ, ಹಸಿ ಕಂಡರೆ ಮೇಲೆ ತೆಳುತಗಡಿನ ಹಾಳೆ ಮುಚ್ಚಿ ಇನ್ನೊಂದೈದಾರು ನಿಮಿಷ ಬಿಡಿ.

ಅತ್ತೆಯವರದ್ದನ್ನು ಮೊದಲು ಬೇಯಿಸಿದೆ, ಓವನ್ನಿಗೆ ಬೆಳ್ಳುಳ್ಳಿಯ ವಾಸನೆ ಹತ್ತುವ ಮೊದಲು. ಎರಡನ್ನೂ ಮೇಜಿಗೆ ತಂದಾಗ ರಾತ್ರಿ ಎಂಟೂವರೆ. ಮಕ್ಕಳು ಕೈ ಹಾಕಿ ಕೀಳತೊಡಗಿದರು; ಚೀಸಿನ ಎಳೆ ಒಬ್ಬನ ಕೈಯಿಂದ ಇನ್ನೊಬ್ಬಳ ಕೈಗೆ ಜೋತು ಬಿದ್ದಿತು. ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು.

“ಎಲ್ಲರೂ ಒಂದೇ ಬ್ರೆಡ್ಡಿಗೆ ಕೈ ಹಾಕಿದರೆ ಎಂಜಲಾಗೊಲ್ಲವೇ?”

“ಕಿತ್ತು ತಟ್ಟೆಗೆ ಹಾಕಿಕೊಂಡು ಆಮೇಲೆ ತಿಂದರೆ ಎಂಜಲು ಹೇಗಾಗುತ್ತೆ, ಅಜ್ಜಿ?” ಎಂದಳು ಮಗಳು.

ಅವರು ಈ ನ್ಯಾಯವನ್ನು ಸ್ವಲ್ಪ ಹೊತ್ತು ಪರಿಶೀಲಿಸಿದರು. ಬಳಿಕ ತಮ್ಮ ಸಣ್ಣ ಅಚ್ಚಿನ ಮುಂದೆ ಕುರ್ಚಿ ಎಳೆದುಕೊಂಡು ಕುಳಿತು, ಬಲಗೈಯಿಂದ ತುದಿಯ ಪದರವೊಂದನ್ನು ಕಿತ್ತು, ಆರಿಸಿ, ಬಾಯಿಗಿಟ್ಟರು. ಎರಡನೆಯದನ್ನು ಕಿತ್ತು ಮೊಮ್ಮಗನ ತಟ್ಟೆಗೆ ಹಾಕಿದರು. ಮೂರನೆಯದನ್ನು ತಾವೇ ತಿಂದರು.

“ಹುದುಗು ಸರಿಯಾಗಿದೆ” ಎಂದರು. “ಮುಂದಿನ ಸಲ ಹಸಿಮೆಣಸಿನಕಾಯಿ ಇನ್ನೆರಡು ಹಾಕು. ಸಪ್ಪೆ.”