ವಿಳಾಸವಿಲ್ಲದ ವಸ್ತುವಿಗೆ ಬೆಲೆ ಎಷ್ಟು?

ಪ್ರಾಚೀನ ವಸ್ತುಗಳ ಹರಾಜಿನ ವಾರ್ತೆಗಳು ಆಗಾಗ್ಗೆ ನಮ್ಮ ಗಮನ ಸೆಳೆಯುತ್ತವೆ. 2023ರ ಮೇ ತಿಂಗಳಲ್ಲಿ ಟಿಪ್ಪೂ ಸುಲ್ತಾನನದೆಂದು ಹೇಳಲಾದ ಖಡ್ಗವೊಂದು ಲಂಡನ್ನಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು. 2025ರ ಮೇ ತಿಂಗಳಲ್ಲಿ ಪಿಪ್ರಾಹ್ವಾ ಸ್ತೂಪದ ರತ್ನಗಳು ಹಾಂಗ್‌ಕಾಂಗಿನ ಹರಾಜಿಗೆ ಬರಲಿದ್ದವು; ಭಾರತ ಸರಕಾರವು ಆಕ್ಷೇಪಿಸಲಾಗಿ ಹರಾಜು ನಿಂತಿತು; ಜುಲೈಯಲ್ಲಿ ಅವು ತಾಯ್ನಾಡಿಗೆ ಮರಳಿದವು. ಇಂತಹ ವಾರ್ತೆಯನ್ನೋದಿದಾಗ, ಹೊಲದಲ್ಲಿ ಸಿಕ್ಕಿದ ಹಳೆಯ ನಾಣ್ಯಕ್ಕೋ ಕಲ್ಲಿನ ಕೊಡಲಿಗೋ ಎಷ್ಟು ಬೆಲೆ ಬಂದೀತು ಎಂಬ ಆಲೋಚನೆ ಯಾರಿಗಾದರೂ ಬರುವುದು ಸಹಜ. ಆದರೆ ಬೆಲೆ ಕಟ್ಟುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಈ ವಸ್ತು ದೊರೆತದ್ದು ಎಲ್ಲಿ? ಯಾವ ಮಣ್ಣಿನಲ್ಲಿ? ಯಾವುದರ ಜೊತೆಯಲ್ಲಿ?

ಭೌತಶಾಸ್ತ್ರದ ಉಪಕರಣಗಳಿಗೆ ಯಾವ ವಸ್ತುವನ್ನು ಕೊಟ್ಟರೂ ಅದರ ವಯಸ್ಸನ್ನು ಹೇಳಿಬಿಡುತ್ತವೆಂಬ ನಂಬಿಕೆ ಜನರಲ್ಲಿದೆ. ಅದು ಹಾಗಲ್ಲ. ಒಂದು ಚಿನ್ನದ ವರಹವನ್ನು ಗಾಳಿಯಲ್ಲಿಯೂ ನೀರಿನಲ್ಲಿಯೂ ತೂಗಿದರೆ, ಆರ್ಕಿಮಿಡೀಸನ ತತ್ತ್ವದಂತೆ ಅದರ ಸಾಂದ್ರತೆ ತಿಳಿಯುತ್ತದೆ. ಶುದ್ಧ ಚಿನ್ನದ್ದು ನೀರಿನ 19.3ರಷ್ಟು, ತಾಮ್ರದ್ದು ಸುಮಾರು 9ರಷ್ಟು. ಆದುದರಿಂದ ಬೆರಕೆ ಬಯಲಾಗುತ್ತದೆ. ಆದರೆ ಹಳೆಯ ಚಿನ್ನವನ್ನೇ ಕರಗಿಸಿ ನಿನ್ನೆ ಅಚ್ಚೊತ್ತಿದ ವರಹವೂ ಅದೇ ಸಾಂದ್ರತೆಯನ್ನು ತೋರಿಸುವುದು. ತಕ್ಕಡಿಯು ಲೋಹವನ್ನು ಹೇಳೀತು, ಕಾಲವನ್ನು ಹೇಳಲಾರದು.

ಕಲ್ಲಿನ ಕೊಡಲಿಯ ಗತಿಯೂ ಇಷ್ಟೇ. ಇಂಗಾಲ-14ರ ಅರ್ಧಾಯು 5,730 ವರ್ಷ. 3,500 ವರ್ಷ ಹಿಂದಿನ ಇದ್ದಿಲಿನಲ್ಲಿ ಮೂಲ ಪ್ರಮಾಣದ ಸುಮಾರು ಮೂರನೆಯ ಎರಡು ಪಾಲು ಉಳಿದಿರುತ್ತದೆ. ಆದರೆ ಡಾಲರೈಟ್ ಕಲ್ಲಿನ ಕೊಡಲಿಯಲ್ಲಿ ಒಮ್ಮೆ ಜೀವಿಸಿದ್ದ ವಸ್ತುವಿನ ಇಂಗಾಲವೇ ಇಲ್ಲ. ಅದರ ಕಾಲ ತಿಳಿಯಬೇಕಾದರೆ, ಅದೇ ಸ್ತರದಲ್ಲಿ ಅದರ ಪಕ್ಕದಲ್ಲಿದ್ದ ಇದ್ದಿಲು ಬೇಕು. ಕೊಡಲಿಯನ್ನು ಕಿತ್ತು ಮಾರಿದವನು ಇದ್ದಿಲನ್ನು ಮಾರುವುದಿಲ್ಲ. ಅದನ್ನು ಕೊಳ್ಳುವವರೂ ಇಲ್ಲ.

ಮಡಕೆಯ ವಿಷಯದಲ್ಲಿ ತಾಪದೀಪ್ತಿ ಎಂಬ ವಿಧಾನವಿದೆ. ಮಡಕೆಯನ್ನು ಸುಟ್ಟಾಗ ಅದರ ಹರಳುಗಳಲ್ಲಿ ಸಂಚಯವಾಗಿದ್ದ ಶಕ್ತಿ ಬರಿದಾಗುತ್ತದೆ. ಅನಂತರ ಮಣ್ಣಿನಲ್ಲಿರುವ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣದಿಂದ ವರ್ಷವರ್ಷವೂ ಸ್ವಲ್ಪ ಸ್ವಲ್ಪವಾಗಿ ಶಕ್ತಿ ಕೂಡುತ್ತ ಹೋಗುತ್ತದೆ. ಪ್ರಯೋಗಶಾಲೆಯಲ್ಲಿ ಕಾಯಿಸಿದಾಗ ಆ ಶಕ್ತಿ ಬೆಳಕಾಗಿ ಹೊರಬೀಳುತ್ತದೆ. ಒಟ್ಟು ಸಂಚಯವನ್ನು ವಾರ್ಷಿಕ ಪ್ರಮಾಣದಿಂದ ಭಾಗಿಸಿದರೆ ವಯಸ್ಸು ಬರುತ್ತದೆ. ಒಟ್ಟು 7 ಗ್ರೇ ಎಂದಿಟ್ಟುಕೊಳ್ಳಿ. ವಾರ್ಷಿಕ ಪ್ರಮಾಣ 2 ಮಿಲಿಗ್ರೇ ಆಗಿದ್ದರೆ ವಯಸ್ಸು 3,500 ವರ್ಷ, 2.5 ಆಗಿದ್ದರೆ 2,800 ವರ್ಷ! ಈ ವಾರ್ಷಿಕ ಪ್ರಮಾಣದ ಒಂದು ಮುಖ್ಯ ಭಾಗವು ಮಡಕೆಯ ಸುತ್ತಲಿದ್ದ ಮಣ್ಣಿನಿಂದ ಬಂದದ್ದು. ಆ ಮಣ್ಣು ಯಾವುದೆಂಬುದೇ ತಿಳಿಯದಿದ್ದರೆ, ಮಡಕೆ ಹಳೆಯದೋ ಹೊಸದೋ ಎಂಬುದನ್ನು ಹೇಳಬಹುದೇ ಹೊರತು ನಿಖರವಾದ ಕಾಲವನ್ನು ಹೇಳಲಾಗುವುದಿಲ್ಲ. ತೊಳೆದು, ಒರೆಸಿ, ಗಾಜಿನ ಪೆಟ್ಟಿಗೆಯಲ್ಲಿಟ್ಟ ವಸ್ತುವಿನ ಅರ್ಧ ಚರಿತ್ರೆ ತೊಳೆದ ನೀರಿನಲ್ಲಿಯೇ ಹೋಗಿರುತ್ತದೆ.

ನಮ್ಮ ಜಿಲ್ಲೆಯನ್ನೇ ನೋಡೋಣ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲಿ 1963-64ರಲ್ಲಿ ಡಾ. ಎಂ. ಎಸ್. ನಾಗರಾಜರಾಯರು ಉತ್ಖನನ ನಡೆಸಿದರು. ನವಶಿಲಾಯುಗದ ಆ ನೆಲೆಯಲ್ಲಿ ಚಿನ್ನದ ಆಭರಣವೂ ದೊರೆಯಿತು. ಅಕ್ಕಸಾಲಿಗನ ತಕ್ಕಡಿಯಲ್ಲಿ ಅದು ಅಲ್ಪ ತೂಕದ ಚಿನ್ನ. ಆದರೆ ಅದು ತನ್ನ ಸ್ತರದಲ್ಲಿಯೇ ದೊರೆತದ್ದರಿಂದ, ಕಲ್ಲಿನ ಕೊಡಲಿ ಹಿಡಿದು ಗುಡ್ಡದ ಮೇಲೆ ಬಾಳಿದ ಜನರಿಗೆ ಚಿನ್ನವೂ ಗೊತ್ತಿತ್ತೆಂಬುದು ನಮಗೆ ತಿಳಿಯಿತು. ಬಳ್ಳಾರಿಯ ಬಳಿಯ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕಲ್ಲಿನ ಕೊಡಲಿಗಳನ್ನು ಮಾಡುವ ಕಾರ್ಯಾಗಾರವೇ ಇತ್ತು. ಅಲ್ಲಿ ಬಿದ್ದಿರುವ ಚಕ್ಕೆಗಳು, ಅರ್ಧದಲ್ಲಿ ಮುರಿದ ಕೊಡಲಿಗಳು, ಉಜ್ಜಿ ಉಜ್ಜಿ ಸವೆದ ಬಂಡೆಗಳು ಎಲ್ಲವೂ ಸೇರಿ ಆ ಕಸಬಿನ ಪಾಠವನ್ನು ಹೇಳುತ್ತವೆ. ಹರಾಜಿನಲ್ಲಿ ನುಣುಪಾದ ಕೊಡಲಿಗೆ ಮಾತ್ರ ಸವಾಲು, ಚಕ್ಕೆಗೆ ಗಿರಾಕಿಯಿಲ್ಲ. ಸಿಂದರ ರಾಜಧಾನಿಯಾಗಿದ್ದ ಕುರುಗೋಡಿನ ಶಾಸನಗಳೂ ಹಾಗೆಯೇ. ದತ್ತಿಯ ಶಾಸನವು ತಾನು ನಿಂತ ನೆಲದ ಮಾತನ್ನಾಡುತ್ತದೆ. ದೂರದ ಶ್ರೀಮಂತನ ಉದ್ಯಾನದಲ್ಲಿ ನಿಲ್ಲಿಸಿದರೆ ಅದು ಬರಿಯ ಅಲಂಕಾರದ ಕಲ್ಲು.

ಇದಕ್ಕೊಂದು ಪ್ರತಿವಾದವುಂಟು: ಸಂಗ್ರಾಹಕರಿಲ್ಲದಿದ್ದರೆ ಎಷ್ಟೋ ವಸ್ತುಗಳು ಹಾಳಾಗುತ್ತಿದ್ದುವಲ್ಲವೆ? ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಅಧ್ಯಯನ ಮಾಡಿದ ರಾಬರ್ಟ್ ಬ್ರೂಸ್ ಫೂಟ್ ತಾನೇ ಸಂಗ್ರಾಹಕನಲ್ಲವೆ? ಹೌದು. ಅವನ ಸಂಗ್ರಹವೂ ಮಾರಾಟವಾಯಿತು; 1904ರಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಅದನ್ನು ಕೊಂಡುಕೊಳ್ಳಲಾಯಿತು. ಆದರೆ ಎರಡು ಭೇದಗಳನ್ನು ಗಮನಿಸಬೇಕು. ಸಂಗ್ರಹವು ಚೂರುಚೂರಾಗಿ ಚದುರದೆ ಇಡಿಯಾಗಿ ಒಂದೆಡೆ ಉಳಿಯಿತು. ಮೇಲಾಗಿ, ಅವನು ವಸ್ತುಗಳ ಜೊತೆಗೆ ಅವು ದೊರೆತ ಸ್ಥಳಗಳನ್ನೂ ದಾಖಲಿಸಿದ್ದನು. ಅವನು ತೀರಿಕೊಂಡ ಮೇಲೆ, 1914ರಲ್ಲಿ ಪ್ರಕಟವಾದ ಆ ಸಂಗ್ರಹದ ಪಟ್ಟಿಯಿಂದ ವಿದ್ವಾಂಸರಿಗೆ ಇಂದಿಗೂ ಪ್ರಯೋಜನವಿದೆ. ಆದುದರಿಂದ ದೋಷವು ಸಂಗ್ರಹಿಸುವುದರಲ್ಲಿಲ್ಲ, ಬೆಲೆ ಕೊಡುವುದರಲ್ಲಿಯೂ ಇಲ್ಲ, ವಿಳಾಸವನ್ನು ಅಳಿಸುವುದರಲ್ಲಿದೆ. ಕಳ್ಳತನದ ಮಾಲಿಗೆ ವಿಳಾಸ ಅಳಿಸುವುದೇ ಮೊದಲ ಕೆಲಸವೆಂಬುದನ್ನೂ ಮರೆಯಬಾರದು.

ಕಾನೂನು ಸುಮ್ಮನಿಲ್ಲ. 1972ರ ಪ್ರಾಚೀನ ವಸ್ತುಗಳ ಅಧಿನಿಯಮದಂತೆ, ಸಾಮಾನ್ಯವಾಗಿ ನೂರು ವರ್ಷಕ್ಕೆ ಕಡಮೆಯಿಲ್ಲದ ವಸ್ತುಗಳು ಪ್ರಾಚೀನವೆನಿಸುತ್ತವೆ. ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿಯವರು ಅವನ್ನು ಹೊರದೇಶಕ್ಕೆ ಸಾಗಿಸುವಂತಿಲ್ಲ. ಆದರೆ ಪ್ರತಿಯೊಂದು ಹೊಲಕ್ಕೂ ಗುಡ್ಡಕ್ಕೂ ಕಾವಲುಗಾರನನ್ನು ನಿಲ್ಲಿಸಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ. ಸಂಗನಕಲ್ಲಿನ ಸುತ್ತಿನ ಗುಡ್ಡಗಳನ್ನು ಕಲ್ಲುಗಣಿಗಾರಿಕೆ ಕೊರೆದಿರುವುದನ್ನು ಕಂಡರೆ ಈ ಮಾತು ಅರಿವಾಗುತ್ತದೆ.

ಇಲ್ಲಿ ವಿದ್ಯಾರ್ಥಿಗಳ ಕರ್ತವ್ಯ ದೊಡ್ಡದು. ಅಂಚೆ ಚೀಟಿಗಳನ್ನು, ಬೆಂಕಿಪೊಟ್ಟಣದ ಚಿತ್ರಗಳನ್ನು, ಹಳೆಯ ರೇಡಿಯೋಗಳನ್ನು ಧಾರಾಳವಾಗಿ ಸಂಗ್ರಹಿಸಿರಿ. ಆದರೆ ಗುಡ್ಡದಲ್ಲಿಯೋ ಹೊಲದಲ್ಲಿಯೋ ಹಳೆಯ ವಸ್ತು ಕಂಡರೆ ಕೀಳಬೇಡಿರಿ, ತೊಳೆಯಬೇಡಿರಿ. ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಚಿತ್ರ ತೆಗೆಯಿರಿ; ಸ್ಥಳ, ದಿನಾಂಕಗಳನ್ನು ಬರೆದುಕೊಳ್ಳಿರಿ; ಪುರಾತತ್ತ್ವ ಇಲಾಖೆಗೆ ತಿಳಿಸಿರಿ. ಬಳ್ಳಾರಿಯಲ್ಲಿ ಫೂಟನ ಹೆಸರಿನ ಸಂಗ್ರಹಾಲಯವೇ ಇದೆ, ಹೋಗಿ ನೋಡಿರಿ. ಮನೆಯಲ್ಲಿರುವ ಅಜ್ಜಂದಿರ ಕಾಲದ ವಸ್ತುವಿನ ವೃತ್ತಾಂತವನ್ನು, ಹೇಳುವವರು ಇರುವಾಗಲೇ, ಒಂದು ಹಾಳೆಯಲ್ಲಿ ಬರೆದಿಡಿರಿ. ಸವಾಲಿನಲ್ಲಿ ಕೂಗಿದ ಬೆಲೆ ಮುಂದಿನ ಹರಾಜಿನವರೆಗೆ ಮಾತ್ರ. ಒಮ್ಮೆ ಅಳಿಸಿದ ವಿಳಾಸವನ್ನು ಮರಳಿ ಬರೆಯಬಲ್ಲ ಉಪಕರಣವು ಯಾವ ಪ್ರಯೋಗಶಾಲೆಯಲ್ಲಿಯೂ ಇಲ್ಲ.