ಕ್ವಿಂಟಾಲಿಗೆ ಒಡೆಯನಿಲ್ಲ, ಅಕ್ಷರಕ್ಕೇಕೆ?

ಒಂದು ಯಂತ್ರದಲ್ಲಿ ಬರೆದದ್ದನ್ನು ಇನ್ನೊಂದು ಯಂತ್ರ ತಪ್ಪಿಲ್ಲದೆ ಓದಬೇಕಾದರೆ ಎರಡಕ್ಕೂ ಸಮ್ಮತವಾದ ನಿಯಮವೊಂದು ಇರಬೇಕಾಗುತ್ತದೆ. ತಂತ್ರಜ್ಞರು ಶಿಷ್ಟತೆ ಅಥವಾ ಸ್ಟ್ಯಾಂಡರ್ಡ್ ಎನ್ನುವುದು ಈ ನಿಯಮವನ್ನೇ. ಇಂಥ ನಿಯಮದ ಮೇಲೆ ಪೇಟೆಂಟ್ ಅಥವಾ ಕೃತಿಸ್ವಾಮ್ಯ ಸ್ಥಾಪಿಸಿ, ಅದನ್ನು ಬಳಸಿದವರಿಂದಲೆಲ್ಲ ರಾಯಧನ ವಸೂಲು ಮಾಡಬಹುದೇ ಎಂಬ ಜಗಳ ಬೆಂಗಳೂರು, ದೆಹಲಿಗಳ ಕಂಪನಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ತೋರಬಹುದಾದರೂ, ಅದರ ಬಿಸಿ ಚಿತ್ರದುರ್ಗದ ಡಿಟಿಪಿ ಅಂಗಡಿಗೂ ತಟ್ಟುವಂಥದ್ದು.

ಎಲ್ಲರಿಗೂ ಸಮ್ಮತವಾದ ನಿಯಮವಿಲ್ಲದ ಸಂಕಟವನ್ನು ಕನ್ನಡ ಒಮ್ಮೆ ಅನುಭವಿಸಿದೆ. ಹಳೆಯ ಫಾಂಟ್‌ಗಳು ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿ ಕೆಲಸ ಮಾಡುತ್ತಿದ್ದವು. ಆದ್ದರಿಂದ ಹೊಸದುರ್ಗದಲ್ಲಿ ಟೈಪಾದ ಅರ್ಜಿಯನ್ನು ಅದೇ ಫಾಂಟ್ ಇಲ್ಲದ ಹೊಳಲ್ಕೆರೆಯ ಕಂಪ್ಯೂಟರಿನಲ್ಲಿ ತೆರೆದರೆ, ನುಡಿ ಫಾಂಟಿನ ‘ಕನ್ನಡ’ ಎಂಬ ಮೂರಕ್ಷರದ ಪದವೇ ರೋಮನ್ ‘ಪಿ’ಯಿಂದ ಶುರುವಾಗಿ, ನಡುವೆ ಬ್ರಿಟನ್ನಿನ ಪೌಂಡ್ ಗುರುತನ್ನು ಸಿಕ್ಕಿಸಿಕೊಂಡು ನಿಲ್ಲುತ್ತಿತ್ತು. ಸಿರಿಗೆರೆಯ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರ ಆಸ್ಥೆಯಿಂದ ರೂಪುಗೊಂಡ ವಚನಗಳ ಆ್ಯಪ್‌ನಲ್ಲಿ ಇಂದು ಬೇಕಾದ ವಚನವನ್ನು ಹುಡುಕಿ ಓದಬಹುದಾದರೆ, ಅದಕ್ಕೆ ತಳಹದಿ ಯುನಿಕೋಡ್, ಅಂದರೆ ಪ್ರತಿ ಅಕ್ಷರಕ್ಕೂ ಜಗತ್ತಿನಾದ್ಯಂತ ಒಂದೇ ಸಂಖ್ಯೆ ಕೊಡುವ ವ್ಯವಸ್ಥೆ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಸ್ಥಾನವಿದ್ದು, ಬಳಸುವವರು ಯಾರಿಗೂ ಕಾಸು ಕಟ್ಟಬೇಕಿಲ್ಲ. ಅದನ್ನು ಪೋಷಿಸುತ್ತಿರುವ ದೊಡ್ಡ ಕಂಪನಿಗಳೇನೂ ಧರ್ಮಛತ್ರ ನಡೆಸುವವರಲ್ಲ; ನಿಯಮಕ್ಕೆ ಸುಂಕ ಹಾಕಿದರೆ ತಮ್ಮ ವ್ಯಾಪಾರವೇ ಕುಂಠಿತವಾಗುತ್ತದೆಂಬುದು ಅವರಿಗೂ ಗೊತ್ತು.

ಕೀಲಿಮಣೆಯ ವಿಷಯದಲ್ಲಿಯೂ ಕನ್ನಡ ಪುಣ್ಯವಂತ ಭಾಷೆ. ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ ‘ಕೆ’ ಕೀಲಿ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರಕ್ಕೆ ‘ಎಫ್’. ಇದಕ್ಕೆ ಅವರು ರಾಯಧನ ಕೇಳಲಿಲ್ಲವಾದ್ದರಿಂದಲೇ ನುಡಿ, ಬರಹಗಳಂಥ ಪ್ರತಿಸ್ಪರ್ಧಿ ತಂತ್ರಾಂಶಗಳೂ ಅದೇ ವಿನ್ಯಾಸವನ್ನು ಒಳಗೊಂಡವು, ಒಂದರಲ್ಲಿ ಪಳಗಿದ ಬೆರಳು ಇನ್ನೊಂದರಲ್ಲಿ ತಡವರಿಸಲಿಲ್ಲ. ಬಾಂಗ್ಲಾದೇಶದಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಅಲ್ಲಿ ‘ಬಿಜೊಯ್’ ವಿನ್ಯಾಸದ ಒಡೆತನ ಸಾರಿದ ಮುಸ್ತಫಾ ಜಬ್ಬಾರ್, ಉಚಿತ ತಂತ್ರಾಂಶ ‘ಅಭ್ರೊ’ದ ವಿರುದ್ಧ 2010ರಲ್ಲಿ ಕೃತಿಸ್ವಾಮ್ಯದ ದೂರು ಎತ್ತಿದರು, ಕೊನೆಗೆ ರಾಜಿಯಾಗಿ, ಬಿಜೊಯ್‌ಗೆ ಹೋಲುವ ವಿನ್ಯಾಸವನ್ನು ಅಭ್ರೊ ಕೈಬಿಡಬೇಕಾಯಿತು.

ಸಂಶೋಧನೆಗೆ ಖರ್ಚಾಗಿರುತ್ತದೆ, ಪ್ರತಿಫಲ ಬೇಡವೇ ಎಂಬ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಚಳ್ಳಕೆರೆಯ ಮಾರುಕಟ್ಟೆಯಲ್ಲಿ ಶೇಂಗಾ ತೂಗುವ ತಕ್ಕಡಿ ಮಾಡಿದವನಿಗೆ ಬೆಲೆ ಸಲ್ಲುತ್ತದೆಯೇ ಹೊರತು ಕ್ವಿಂಟಾಲ್ ಎಂಬ ಅಳತೆಗೆ ಯಾರೂ ಬಾಡಿಗೆ ಕೇಳುವುದಿಲ್ಲ. ಅದೇ ರೀತಿ ಅಂದವಾದ ಫಾಂಟಿಗೆ, ಚುರುಕಾದ ತಂತ್ರಾಂಶಕ್ಕೆ ಬೆಲೆಯಿರಲಿ. ಅವೆರಡೂ ಪಾಲಿಸುವ ನಿಯಮ ಮಾತ್ರ ಯಾರ ಸ್ವತ್ತೂ ಆಗಕೂಡದು. ‘ನ್ಯಾಯಯುತ, ತಾರತಮ್ಯವಿಲ್ಲದ’ ದರದಲ್ಲಿ ಪರವಾನಗಿ ಕೊಡುತ್ತೇವೆಂಬ ಮಧ್ಯಮ ಮಾರ್ಗ ಕೇಳಲು ಸೊಗಸು. ಆದರೆ ಹಂಚುವ ಪ್ರತಿಗೆ ಇಷ್ಟೆಂದು ದರ ನಿಗದಿಯಾದರೆ, ಎಷ್ಟು ಪ್ರತಿ ಹಂಚಿಕೆಯಾಯಿತೆಂದು ಎಣಿಸಲೂ ಆಗದ ಉಚಿತ ತಂತ್ರಾಂಶದ ಕರ್ತೃವಿಗೆ ಎಷ್ಟೇ ಕಡಿಮೆ ದರವೂ ಬಾಗಿಲು ಮುಚ್ಚಿದಂತೆಯೇ.

ಕೇಂದ್ರ ಸರ್ಕಾರ 2010ರ ನವೆಂಬರ್‌ನಲ್ಲಿ ಪ್ರಕಟಿಸಿದ ಇ-ಆಡಳಿತದ ಮುಕ್ತ ಶಿಷ್ಟತೆಗಳ ನೀತಿ, ಉದ್ಯಮ ವಲಯದ ವಿರೋಧವನ್ನು ದಾಟಿ, ಆಯ್ದ ಶಿಷ್ಟತೆಗೆ ಅಗತ್ಯವಾದ ಪೇಟೆಂಟ್‌ಗಳು ಅದರ ಜೀವಿತಾವಧಿಯುದ್ದಕ್ಕೂ ರಾಯಧನವಿಲ್ಲದೆ ದೊರೆಯಬೇಕೆಂದು ಸರಿಯಾಗಿಯೇ ವಿಧಿಸಿತು. ಆದರೆ ಎಲ್ಲ ಲಕ್ಷಣಗಳೂ ಇರುವ ಶಿಷ್ಟತೆ ಸಿಗದಿದ್ದಾಗ ಷರತ್ತು ಸಡಿಲಿಸಬಹುದೆಂಬ ಕಿಂಡಿಯನ್ನೂ ಅದೇ ನೀತಿ ಉಳಿಸಿಕೊಂಡಿದೆ. ಜನರ ಪಹಣಿ, ಅರ್ಜಿ, ಪಠ್ಯಪುಸ್ತಕಗಳ ಮಟ್ಟಿಗಾದರೂ ಈ ಕಿಂಡಿ ಮುಚ್ಚಬೇಕು. ಕೇಂದ್ರ ಮುಚ್ಚುವವರೆಗೆ ಕಾಯದೆ, ರಾಜ್ಯ ಸರ್ಕಾರ ತಂತ್ರಾಂಶ ಕೊಳ್ಳುವ ತನ್ನ ಪ್ರತಿಯೊಂದು ಟೆಂಡರಿನಲ್ಲಿಯೂ ರಾಯಧನರಹಿತ ಶಿಷ್ಟತೆಯನ್ನು ಕಡ್ಡಾಯ ಮಾಡಲಿ.