ಸಿಸಿಟಿವಿ ನೋಡಿದ್ವಿ, 70 ಚದರಡಿ ನೋಡ್ಲಿಲ್ಲ

2024ರ ಜುಲೈನಲ್ಲಿ ಬೆಂಗಳೂರಿನ ಕೋರಮಂಗಲದ ಪಿಜಿಯೊಂದರಲ್ಲಿ ಬಿಹಾರದ ಯುವತಿಯ ಕೊಲೆ ಆಯ್ತಲ್ಲ, ನಿಮಗೆ ನೆನಪಿದ್ದೇ ಇರುತ್ತೆ. ಆ ಸಿಸಿಟಿವಿ ದೃಶ್ಯವನ್ನ ಟಿವಿಯವರು ಮರೆಯೋಕೆ ಬಿಟ್ರೆ ತಾನೆ! ಕೆಂಪು ವೃತ್ತ, ಸ್ಲೋ ಮೋಷನ್ನು, ಹಿಂದೆ ಎದೆ ನಡುಗಿಸೋ ಮ್ಯೂಸಿಕ್ಕು...

ಮುಂದಿನ ತಿಂಗಳು ಬಿಬಿಎಂಪಿ ಪಿಜಿಗಳಿಗೆ ಮಾರ್ಗಸೂಚಿ ಹೊರಡಿಸ್ತು. (ಆ ಬಿಬಿಎಂಪಿಯೂ ಈಗಿಲ್ಲ, 2025ರಲ್ಲಿ ಐದು ಪಾಲಿಕೆಗಳಾಗಿ ಹೋಯ್ತು. ಅದಿರಲಿ.) ಅದರಲ್ಲಿ ಏನಿತ್ತು ಅಂದ್ರೆ, ಒಬ್ಬರಿಗೆ ಕನಿಷ್ಠ 70 ಚದರಡಿ ಜಾಗ, ದಿನಕ್ಕೆ ತಲಾ 135 ಲೀಟರ್ ನೀರು, ಅಡುಗೆಮನೆ ಇದ್ರೆ ಎಫ್‌ಎಸ್‌ಎಸ್‌ಎಐ ಪರವಾನಗಿ, ಸಿಸಿಟಿವಿಯ 90 ದಿನಗಳ ದಾಖಲೆ, ಹಗಲೂ ರಾತ್ರಿ ಕಾವಲುಗಾರ. ದೂರು ಕೊಡೋಕೆ 1533 ನಂಬರನ್ನ ಕಾಣೋ ಹಾಗೆ ಹಾಕಿರಬೇಕು ಅಂತಲೂ ಇತ್ತು.

ನಾನು ನೋಡಿದ ವರದಿಗಳಲ್ಲಿ ಇದು ಪಾಲಿಕೆಗೂ ಪಿಜಿ ಮಾಲೀಕರಿಗೂ ನಡೆದ ಜಗಳ ಅಷ್ಟೇ ಆಗಿತ್ತು. ಇವರು ಮೂಗುದಾರ ಹಾಕಿದ್ರು, ಅವರು ಬಾಡಿಗೆ ಏರುತ್ತೆ ಅಂದ್ರು. ಬಾಡಿಗೆ ಏರುತ್ತೆ ಅನ್ನೋದು ಸುಳ್ಳೂ ಅಲ್ಲ ಬಿಡಿ. ಆದ್ರೆ ತಿಂಗಳಾ ದುಡ್ಡು ಕೊಟ್ಟು ಅಲ್ಲಿ ಮಲಗೋರು ಎಲ್ಲಿ ಹೋದ್ರು? ಹತ್ತಡಿಗೆ ಹನ್ನೆರಡಡಿ ರೂಮು ಅಂದ್ರೆ 120 ಚದರಡಿ. ಅದರಲ್ಲಿ ಮೂರು ಮಂಚ. ನಿಯಮದ ಪ್ರಕಾರ ಅಲ್ಲಿ ಇಬ್ಬರಿಗೂ ಜಾಗ ಇಲ್ಲ! ಈ ಲೆಕ್ಕ ಮಾಡೋಕೆ ಇಂಜಿನಿಯರಿಂಗ್ ಓದಬೇಕಾಗಿಲ್ಲ, ಒಂದು ಟೇಪು ಸಾಕು. ಸಿಸಿಟಿವಿ ತುಣುಕು ಕೂತಲ್ಲೇ ಬರುತ್ತೆ, ಟೇಪು ಹಿಡಿದು ಅಳೆಯೋಕೆ ಎದ್ದು ಹೋಗ್ಬೇಕು. ಪಕ್ಷಪಾತ ಅಂದ್ರೆ ಯಾರೋ ದುಡ್ಡು ಕೊಟ್ಟು ಬರೆಸೋದು ಅಂತಲೇ ನಾವು ಅಂದ್ಕೊಂಡಿರ್ತೀವಿ. ನನಗೆ ಕಾಣೋದು ಈ ಸೋಮಾರಿತನದ ಪಕ್ಷಪಾತ.

ಇದರ ಬಿಸಿ ಬೆಂಗಳೂರಲ್ಲಿ ಕೂತೋರಿಗೆ ಗೊತ್ತಾಗಲ್ಲ. ನಮ್ಮೂರು ಕಡಬಕ್ಕೆ ಬಂದ್ರೆ ಗೊತ್ತಾಗುತ್ತೆ. ಹೋದ ಸಲ ಊರಿಗೆ ಹೋದಾಗ ಪಕ್ಕದ ಮನೆ ಮಾವ ಕರೆದ್ರು. ಅವರ ಮಗಳು ಡಿಗ್ರಿ ಮುಗಿಸಿದಾಳೆ, ಬೆಂಗಳೂರಲ್ಲಿ ಕೆಲಸ ಸಿಕ್ಕಿದೆ. ಮಾವಂದು ಒಂದೇ ಮಾತು: "ಆ ವಿಡಿಯೋ ನೋಡಿದ್ಯಲ್ಲಪ್ಪಾ? ಪಿಜಿ ಗಿಜಿ ಬ್ಯಾಡ. ಬೇಕಾದ್ರೆ ಗುಬ್ಬಿಯಿಂದ ದಿನಾ ರೈಲಲ್ಲಿ ಓಡಾಡ್ಲಿ. ಇಲ್ದಿದ್ರೆ ಊರಲ್ಲೇ ಇರ್ಲಿ." ಕಡಬದಿಂದ ಗುಬ್ಬಿಗೆ ಬಸ್ಸು, ಗುಬ್ಬಿಯಿಂದ ರೈಲು, ಅಲ್ಲಿಂದ ಆಫೀಸು, ಮತ್ತೆ ವಾಪಸ್ಸು. ಎಷ್ಟು ತಿಂಗಳು ತಡೆದಾಳು?

ಮಾವನ್ನ ಹೇಗೆ ಬೈಯೋದು ಹೇಳಿ. ಪಿಜಿ ಅಂದ್ರೆ ಅವರಿಗೆ ಗೊತ್ತಿರೋದು ಟಿವಿ ತೋರಿಸಿದ ಆ ಕಾರಿಡಾರು ಒಂದೇ. ಕೊಲೆ ಸುದ್ದಿ ತೋರಿಸಬಾರದು ಅಂತ ನಾನು ಹೇಳ್ತಿಲ್ಲ. ಸತ್ತವಳ ಕೊನೇ ಗಳಿಗೆಯನ್ನ ಅಷ್ಟು ಸಲ ತೋರಿಸೋ ಪುರುಸೊತ್ತು ಇದ್ದೋರಿಗೆ, ಬದುಕಿರೋ ಹುಡುಗಿಯರು ಪಿಜಿ ಸೇರೋ ಮುಂಚೆ ಏನು ಕೇಳಬೇಕು ಅಂತ ಎರಡು ನಿಮಿಷ ಹೇಳೋಕೆ ಆಗಲಿಲ್ವಾ?

ಆ ಹುಡುಗಿ ಕೇಳಿದ್ದು ಅದನ್ನೇ. "ಅಣ್ಣಾ, ಪಿಜಿ ನೋಡೋಕೆ ಹೋದಾಗ ಏನೇನು ಕೇಳ್ಬೇಕು?" ಒಂದು ಹಾಳೇಲಿ ಬರೆದುಕೊಟ್ಟೆ: ರಾತ್ರಿ ಗೇಟಲ್ಲಿ ಯಾರಿರ್ತಾರೆ, ರೂಮಿನ ಅಳತೆ, ಎಷ್ಟು ಮಂಚ, ಲೈಸೆನ್ಸು, ಸಿಸಿಟಿವಿ ಬರೀ ಡಬ್ಬಾನಾ ಇಲ್ಲಾ ಕೆಲಸ ಮಾಡುತ್ತಾ. ಮಾವ ಆ ಹಾಳೆಯನ್ನ ಎರಡು ಸಲ ಓದಿ ಜೇಬಿಗಿಟ್ಕೊಂಡ್ರು. ಹೂಂ ಅನ್ನಲಿಲ್ಲ, ಉಹೂಂ ಅಂತಾನೂ ಅನ್ನಲಿಲ್ಲ.

ನಿಮ್ಮಲ್ಲಿ ಪಿಜಿಯಲ್ಲಿರೋರು ಒಂದ್ಸಲ ರೂಮು ಅಳೆದು ನೋಡಿ. ಎಷ್ಟು ಬಂತು ಅಂತ ನನಗೂ ಹೇಳಿ :-)